ಇಂದ್ರಜಾಲ ಕಾಮಿಕ್ಸ್

ಇಂದ್ರಜಾಲ ಕಾಮಿಕ್ಸ್ ಎಂಬುದು ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಪ್ರಕಾಶಕರಾದ ಬೆನೆಟ್, ಕೋಲ್ಮನ್ ಸಂಸ್ಥೆಯು 1964ರ ಮಾರ್ಚ್ ತಿಂಗಳಿನಿಂದ 1990ರವರೆಗೆ ಹೊರತಂದ ಚಿತ್ರಕಥಾ ಮಾಲಿಕೆ. ಇಂಗ್ಲಿಷ್, ಹಿಂದಿ, ಮರಾಠಿ, ಬಂಗಾಳಿ ಮತ್ತು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಇದು ಪ್ರಕಟವಾಯಿತು. 1960–80ರ ದಶಕಗಳಲ್ಲಿ ಬಾಲ್ಯ ಕಳೆದ ಭಾರತೀಯ ಓದುಗರ ನೆನಪಿನಲ್ಲಿ ಫ್ಯಾಂಟಮ್ ಇಂದಿಗೂ ಉಳಿದಿರುವುದಕ್ಕೆ ಈ ಮಾಲಿಕೆಯೇ ಮುಖ್ಯ ಕಾರಣ.

ಫ್ಯಾಂಟಮ್

ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್‌ಗೆ ಅತಿಮಾನುಷ ಶಕ್ತಿಗಳಿಲ್ಲ. ಅವನು ಹಾರಲಾರ, ಗುಂಡು ತಗುಲಿದರೆ ಗಾಯಗೊಳ್ಳುತ್ತಾನೆ. ತಂದೆ ಸತ್ತೊಡನೆ ಮಗನು ಅದೇ ಮುಸುಕು, ಅದೇ ತಲೆಬುರುಡೆಯ ಉಂಗುರ ಧರಿಸುವುದರಿಂದ ನಾಲ್ಕು ಶತಮಾನಗಳಿಂದಲೂ ಒಬ್ಬನೇ ಬದುಕಿದ್ದಾನೆಂದು ಕಾಡಿನ ಜನ ನಂಬುತ್ತಾರೆ. ಕಥೆಗಳ ನಾಯಕನು ಈ ಪರಂಪರೆಯ ಇಪ್ಪತ್ತೊಂದನೆಯವನು. ಗುಟ್ಟು ಓದುಗನಿಗೆ ಗೊತ್ತು, ಕಥೆಯೊಳಗಿನ ಶತ್ರುಗಳಿಗೆ ಗೊತ್ತಿಲ್ಲ. ಎಳೆಯ ಓದುಗರನ್ನು ಹಿಡಿದಿಟ್ಟದ್ದು ಬಹುಮಟ್ಟಿಗೆ ಇದೇ. ಆದರೂ ಕಾಡಿನ ಕಪ್ಪು ಜನರನ್ನು ಬಿಳಿಯನೊಬ್ಬನು ಪೀಳಿಗೆಗಳಿಂದ ಕಾಯುವ ಈ ಕಲ್ಪನೆ ವಸಾಹತುಶಾಹಿ ದೃಷ್ಟಿಯದೆಂಬ ಆಕ್ಷೇಪವಿದೆ, ಅದು ನಿರಾಧಾರವೂ ಅಲ್ಲ.

ಮಾಲಿಕೆಯ ಮೊದಲ ಸಂಚಿಕೆ ಫ್ಯಾಂಟಮ್‌ನ ಸೊಂಟಪಟ್ಟಿಯ ಕಥೆ. ಆರಂಭದ 32 ಸಂಚಿಕೆಗಳೂ ಅವನವೇ. ಬಳಿಕ ಮಾಂತ್ರಿಕ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ಪತ್ತೇದಾರ ರಿಪ್ ಕರ್ಬಿ ಮೊದಲಾದವರು ಸೇರಿದರು.

ಹೆಸರುಗಳ ಬದಲಾವಣೆ

ಮೂಲದ ಕೆಲವು ಹೆಸರುಗಳು ಇಲ್ಲಿನ ಓದುಗರಿಗೆ ಇರಿಸುಮುರಿಸು ತರುವಂತಿದ್ದವು. ಬಂಗಾಳವನ್ನು ನೆನಪಿಸುತ್ತಿದ್ದ ಕಾಡುನಾಡಿನ ಹೆಸರು ‘ಡೆಂಕಾಲಿ’ಯಾಯಿತು. ಸಿಂಗ್ ಕಡಲ್ಗಳ್ಳರು ‘ಸಿಂಗಾ’ ಆದರು. ಇಪ್ಪತ್ತನೆಯ ಫ್ಯಾಂಟಮ್‌ನನ್ನು ಕೊಂದ ದುಷ್ಟನಿಗೆ ಮೂಲದಲ್ಲಿ ರಾಮನೆಂಬ ಹೆಸರಿತ್ತು. ಅದನ್ನು ‘ರಾಮಲು’ ಎಂದು ತಿದ್ದಲಾಯಿತು. ನಾಯಕನ ಹೆಸರೂ ಭಾಷೆಯಿಂದ ಭಾಷೆಗೆ ಬೇರೆ: ಹಿಂದಿ, ಮರಾಠಿಗಳಲ್ಲಿ ವೇತಾಳ, ಬಂಗಾಳಿಯಲ್ಲಿ ಅರಣ್ಯದೇವ.

ಬಹಾದ್ದೂರ್

1976ರಲ್ಲಿ ಆಬಿದ್ ಸುರ್ತಿ ಬರೆದು ಗೋವಿಂದ ಬ್ರಾಹ್ಮಣಿಯಾ ಚಿತ್ರಿಸಿದ ಬಹಾದ್ದೂರ್ ಈ ಮಾಲಿಕೆಯ ಸ್ವದೇಶಿ ನಾಯಕ. ಪೊಲೀಸರ ಕೈಯಲ್ಲಿ ಹತನಾದ ಡಕಾಯಿತನ ಮಗನಾದ ಇವನು ಸೇಡಿಗೆ ಹೊರಟು, ತಂದೆಯ ನಿಜ ತಿಳಿದು, ಡಕಾಯಿತರ ವಿರುದ್ಧ ನಾಗರಿಕ ರಕ್ಷಣಾ ದಳ ಕಟ್ಟುತ್ತಾನೆ. ಮುಸುಕಿಲ್ಲ, ಕೇಸರಿ ಕುರ್ತಾ ಮತ್ತು ಜೀನ್ಸ್ ಅವನ ಉಡುಗೆ.

ನಿಲುಗಡೆಯ ನಂತರ

ಮಾಲಿಕೆಯಲ್ಲಿ 800ಕ್ಕೂ ಹೆಚ್ಚು ಸಂಚಿಕೆಗಳು ಬಂದವು. ಅಗ್ಗದ ಕಾಗದದ ಈ ಪುಸ್ತಿಕೆಗಳು ಕೈಯಿಂದ ಕೈಗೆ ದಾಟಿ ಹರಿದುಹೋದುದರಿಂದ ಹಳೆಯ ಸಂಚಿಕೆಗಳು ಈಗ ಸಂಗ್ರಾಹಕರ ಅರಸುವಿಕೆಯ ವಸ್ತುಗಳು. ಇಂದ್ರಜಾಲದಲ್ಲಿ ದುಡಿದಿದ್ದ ಕಾರ್ಕಳ ಮೂಲದ ಅನಂತ ಪೈ ಅಲ್ಲಿಂದ ಹೊರಬಂದು 1967ರಲ್ಲಿ ಅಮರ ಚಿತ್ರಕಥೆಯ ಸಂಪಾದಕರಾದರು.