ಗುಬ್ಬಿ ವೀರಣ್ಣನವರ ಸಂಸಾರ ಮತ್ತು ಕಂಪೆನಿ

ಕನ್ನಡ ಚಲಚ್ಚಿತ್ರದ ಆದಿಕಾಲದ ನಿರ್ಮಾಪಕರಲ್ಲಿ ಗುಬ್ಬಿ ವೀರಣ್ಣನವರ ಹೆಸರು ಮುಂದಿನ ಸಾಲಿನದು. ಅವರ ಜೀವನವನ್ನು ಬರೆಯುವವರು ‘ಕುರುಕ್ಷೇತ್ರ’ ನಾಟಕದ ಆನೆ ಕುದುರೆಗಳನ್ನೂ ದೊರೆತ ಬಿರುದುಗಳನ್ನೂ ವಿಸ್ತಾರವಾಗಿ ವರ್ಣಿಸುತ್ತಾರೆ. ವಿವಾಹಗಳ ವಿಷಯ ಬಂದೊಡನೆ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ, ಇಲ್ಲವೆ ಪಿಸುಮಾತಿನ ಸರಕಾಗಿ ಮಾಡಿಕೊಳ್ಳುತ್ತಾರೆ. ಎರಡೂ ಇತಿಹಾಸಕ್ಕೆ ಒಪ್ಪುವ ರೀತಿಯಲ್ಲ. ವೀರಣ್ಣನವರ ಸಂಸಾರವನ್ನು ಬದಿಗಿಟ್ಟು ಅವರ ಕಂಪೆನಿಯ ಜಮಾಖರ್ಚನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ.

ಗುಬ್ಬಿಯ ನಾಟಕ ಸಂಘ ಸ್ಥಾಪಿತವಾದದ್ದು 1884ರಲ್ಲಿ. 1891ರಲ್ಲಿ ಜನಿಸಿದ ವೀರಣ್ಣನವರು ಬಾಲನಟರಾಗಿ ಅದನ್ನು ಸೇರಿ, 1917ರಲ್ಲಿ ಅದರ ಒಡೆಯರಾದರು. ಅಂದಿನ ವೃತ್ತಿರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಬಹುಮಟ್ಟಿಗೆ ಗಂಡಸರೇ ವಹಿಸುತ್ತಿದ್ದರು. ರಂಗವೇರಿದ ಹೆಣ್ಣಿಗೆ ಚಪ್ಪಾಳೆ ದೊರೆತರೂ ಮರ್ಯಾದೆ ದೊರೆಯುತ್ತಿರಲಿಲ್ಲ. ಊರಿಂದೂರಿಗೆ ಮೊಕ್ಕಾಂ ಬದಲಿಸುವ ಕಂಪೆನಿಯಲ್ಲಿ ಆಕೆಗೆ ನೆರಳಾಗುವ ಮನೆಯೂ ಇರಲಿಲ್ಲ. ಇಂತಹ ಕಾಲದಲ್ಲಿ ಸ್ತ್ರೀಪಾತ್ರಕ್ಕೆ ಸ್ತ್ರೀಯರನ್ನೇ ತಂದವರಲ್ಲಿ ವೀರಣ್ಣನವರೂ ಒಬ್ಬರು. ಅವರ ಪತ್ನಿಯರಾದ ಸುಂದರಮ್ಮನವರೂ ಬಿ. ಜಯಮ್ಮನವರೂ ಅದೇ ರಂಗದ ನಟಿಯರು.

1955ರ ಹಿಂದೂ ವಿವಾಹ ಕಾಯಿದೆಗೆ ಮೊದಲು ಮೈಸೂರು ಸಂಸ್ಥಾನದಲ್ಲಿ ಬಹುಪತ್ನೀತ್ವ ಅಪರಾಧವಾಗಿರಲಿಲ್ಲವೆಂಬುದನ್ನು ಇಂದಿನ ಓದುಗರು ನೆನಪಿನಲ್ಲಿಡಬೇಕು. (ಮುಂಬಯಿ ಪ್ರಾಂತ ಅದನ್ನು 1946ರಲ್ಲಿಯೇ, ಮದರಾಸು 1949ರಲ್ಲಿ ನಿಷೇಧಿಸಿದ್ದವು.) ಆದರೆ ಕಾನೂನು ಅಡ್ಡಿಮಾಡದಿದ್ದುದು ಒಂದು, ನ್ಯಾಯವಾಗಿದ್ದುದು ಇನ್ನೊಂದು. ಒಡೆಯನ ಪತ್ನಿಯೆಂಬ ಸ್ಥಾನ ನಟಿಗೆ ನಿಂದೆಯಿಂದ ಒಂದಿಷ್ಟು ರಕ್ಷಣೆ ನೀಡಿರಬೇಕು. ಕಂಪೆನಿಗಾದರೋ ಅದರಿಂದ ಇನ್ನೂ ಹೆಚ್ಚಿನ ಲಾಭ. ಸಂಬಳದ ನಾಯಕಿಯನ್ನು ಎದುರು ಕಂಪೆನಿಯವರು ಹೆಚ್ಚಿನ ಹಣ ತೋರಿಸಿ ಸೆಳೆದುಕೊಳ್ಳಬಹುದು. ಮನೆಯೊಡತಿಯನ್ನು ಹಾಗೆ ಸೆಳೆಯುವುದು ಸುಲಭವಲ್ಲ. ಆಕೆಯ ದುಡಿಮೆ ಖರ್ಚಿನ ಪುಟದಲ್ಲಿ ಬರೆಯಬೇಕಾದ ಬಾಬಾಗದೆ ಬಂಡವಾಳದಲ್ಲಿಯೇ ಕರಗಿಹೋಗುತ್ತದೆ.

ಚಲಚ್ಚಿತ್ರಕ್ಕೆ ಕೈಹಾಕಿದಾಗ ಈ ಬಂಡವಾಳವೇ ಒದಗಿಬಂದಿತು. ಬೆಂಗಳೂರಿನಲ್ಲಿ ತೆಗೆದ ಮೂಕಿ ಚಿತ್ರ ‘ಹಿಸ್ ಲವ್ ಅಫೇರ್’ನಲ್ಲಿ (1931) ನಿರ್ದೇಶಕ ಬೆಲ್ಜಿಯಂ ದೇಶದವನು, ಪಾತ್ರಧಾರಿಗಳು ವೀರಣ್ಣ, ಜಯಮ್ಮ. ವಾಕ್ಚಿತ್ರಗಳ ಕಾಲದಲ್ಲಿ ‘ಸುಭದ್ರಾ’ (1941), ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’ (1946) ಬಂದವು; ಮೂರರಲ್ಲಿಯೂ ಜಯಮ್ಮನವರಿದ್ದರು. ಮಲ್ಲಮ್ಮನ ಪಾತ್ರ ಅವರದೇ. ಗಾಯನ, ಅಭಿನಯ ಎರಡೂ ಬಲ್ಲ ನಾಯಕಿ ಮನೆಯಲ್ಲಿಯೇ ಇರದಿದ್ದರೆ ನಾಟಕದ ಗಳಿಕೆಯನ್ನು ಸಿನಿಮಾದಂತಹ ಅನಿಶ್ಚಿತ ಉದ್ಯಮದಲ್ಲಿ ತೊಡಗಿಸುವ ಧೈರ್ಯ ಎಷ್ಟು ಕಾಲ ಉಳಿಯುತ್ತಿತ್ತೋ! ಹಾಗೆಂದು ಜಯಮ್ಮನವರು ಪತಿಯ ನೆರಳಿನಲ್ಲಿಯೇ ನಿಂತವರಲ್ಲ. 1945ರ ತೆಲುಗು ಚಿತ್ರ ‘ಸ್ವರ್ಗಸೀಮ’ದಲ್ಲಿ ಅಭಿನಯಿಸಿ ಕಂಪೆನಿಯ ಆವರಣದಾಚೆಗೂ ಹೆಸರು ಮಾಡಿದರು.

1954ರ ‘ಬೇಡರ ಕಣ್ಣಪ್ಪ’ದಲ್ಲಿ ಗುಬ್ಬಿ ಕಂಪೆನಿ ಎ.ವಿ.ಎಂ. ಸಂಸ್ಥೆಯೊಡನೆ ಕೈಜೋಡಿಸಿತು. ಅದರಿಂದ ನಾಯಕನಟರಾಗಿ ಬೆಳಕಿಗೆ ಬಂದ ರಾಜಕುಮಾರರ ತಂದೆ ಪುಟ್ಟಸ್ವಾಮಯ್ಯನವರೂ ಇದೇ ಕಂಪೆನಿಯ ನಟರು. ಈ ಕತೆ ಎಲ್ಲರಿಗೂ ಗೊತ್ತು.

ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ವೆಂದು ಹೆಸರಿಟ್ಟರು. ಆ ಕಾಯಕದಲ್ಲಿ ಪತ್ನಿಯರ ಪಾಲು ಎಷ್ಟೆಂಬುದು ಕನ್ನಡ ಸಂಶೋಧನೆ ತೀರಿಸಬೇಕಾದ ಬಾಕಿ. ‘ನಾಟಕರತ್ನ’ ಬಿರುದು, 1972ರ ಪದ್ಮಶ್ರೀ ವೀರಣ್ಣನವರ ಹೆಸರಿಗೆ ಸಂದವು; ಅದೇ ವರ್ಷ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಜಯಮ್ಮನವರು 1988ರವರೆಗೆ ಬದುಕಿದ್ದರು.

ಜನಕಪುರಿಯಲ್ಲಿ ಮೆಟ್ರೋ ಹತ್ತಿ ಮಂಡಿ ಹೌಸಿನಲ್ಲಿ ಇಳಿಯುವ ಕನ್ನಡಿಗರಿಗೆ ಈ ಸಂಸಾರದ ಒಂದು ಕವಲು ಸಮೀಪದಲ್ಲಿಯೇ ಇದೆ. ಅಲ್ಲಿನ ರಾಷ್ಟ್ರೀಯ ನಾಟಕ ಶಾಲೆಯಿಂದ 1973ರಲ್ಲಿ ಪದವಿ ಪಡೆದ ಬಿ. ಜಯಶ್ರೀಯವರು ವೀರಣ್ಣನವರ ಮೊಮ್ಮಗಳು. ತಾಯಿ ಜಿ.ವಿ. ಮಾಲತಮ್ಮನವರೂ ಗುಬ್ಬಿ ರಂಗದ ನಟಿಯೇ. 2010ರಲ್ಲಿ ಜಯಶ್ರೀಯವರು ರಾಜ್ಯಸಭೆಗೆ ನಾಮಕರಣಗೊಂಡರು. 2013ರಲ್ಲಿ ಪದ್ಮಶ್ರೀ ಆ ಮನೆಗೆ ಎರಡನೆಯ ಬಾರಿ, ಈ ಸಲ ನಟಿಯೊಬ್ಬರ ಹೆಸರಿನಲ್ಲಿ ಬಂದಿತು.