ಬಾಯಿ ಕಟ್ಟಿದ ಇಂಜಿನ್

ನಮ್ಮ ಕಾಕಾನ ಡೀಸೆಲ್ ಇಂಜಿನ್ನಿನ ಬ್ರೀದರಿಗೆ ಸದಾ ಒಂದು ಬಟ್ಟೆ ಕಟ್ಟಿರುತ್ತಿತ್ತು. ಹಳೆಯ ಧೋತರದ ಚೂರು. ಇಂಡಿ ತಾಲ್ಲೂಕಿನ ನಮ್ಮ ಲಿಂಬಿ ತೋಟದ ಬಾವಿಗೆ ಕೂಡಿಸಿದ್ದ 5 ಅಶ್ವಶಕ್ತಿಯ ಇಂಜಿನ್ ಅದು. ಬ್ರೀದರಿನಿಂದ ಎಣ್ಣೆ ಸಿಡಿದು ಕಟ್ಟೆಯೆಲ್ಲ ಕರ್ರಗಾಗುತ್ತದೆ ಅಂತ ಕಾಕಾ ಬಟ್ಟೆ ಸುತ್ತಿದ್ದ. ಆಗ ಎಣ್ಣೆ ಬೇರೆ ಕಡೆಯಿಂದ ಬಂತು. ಫ್ಲೈವೀಲ್ ಬದಿಯ ಸೀಲಿನಿಂದ ಸೋರಿತು, ಬಾಗಿಲ ಪ್ಯಾಕಿಂಗಿನಿಂದ ಜಿನುಗಿತು. ಊರಿನ ಫಿಟ್ಟರ್ ಬಂದು ನೋಡಿ, 'ರಿಂಗ್ ಹೋಗ್ಯಾವ್ರಿ' ಅಂದ. ರಿಂಗ್ ಹಾಕಿಸಿದೆವು. ಎಂಟೇ ತಿಂಗಳಿಗೆ ಮತ್ತೆ ಅದೇ ಪಾಡು. ಈ ಸಲ ಪಿಸ್ಟನ್, ಲೈನರ್, ರಿಂಗ್ ಮೂರೂ ಬದಲಾದವು. ಅದಕ್ಕೆ ಚಿಗವ್ವ ತನ್ನ ಬೋರಮಾಳ ಒತ್ತೆ ಇಟ್ಟಳು.

1980ರ ದಶಕದ ಮಾತಿದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಬಾವಿ ಕಟ್ಟೆಗಳ ಮೇಲೆ, ಹಿಟ್ಟಿನ ಗಿರಣಿಗಳಲ್ಲಿ, ಹೀಗೆ ಬಟ್ಟೆ ಕಟ್ಟಿಸಿಕೊಂಡ ಇಂಜಿನ್‌ಗಳನ್ನು ನಾನು ಬಹಳ ಕಂಡಿದ್ದೇನೆ. ನಮ್ಮ ಭಾಗದ ನೀರಾವರಿ ಇತಿಹಾಸವೆಂದರೆ ಆಣೆಕಟ್ಟು, ಅಡಿಗಲ್ಲು, ಕಾಲುವೆಯ ಉದ್ದ. ಈ ಬಟ್ಟೆಯ ಕತೆ ಅದರಲ್ಲಿ ಬರುವುದಿಲ್ಲ. ಬರಬೇಕು ಅನ್ನುವುದು ನನ್ನ ವಾದ.

ಇಂಜಿನ್ನಿಗಿಂತ ಮೊದಲು ಬಾವಿಯ ನೀರು ಎತ್ತುಗಳ ಹೆಗಲ ಮೇಲೆ, ಚರ್ಮದ ಬಾನಿಯಲ್ಲಿ ಮೇಲೆ ಬರುತ್ತಿತ್ತು. ಅದನ್ನು ಬದಲಿಸಿದವರ ಕತೆ ನಮ್ಮ ನೆರೆಯಿಂದಲೇ ಶುರುವಾಗುತ್ತದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷ ಅಂತ ರೈತರು ಮೊದಲು ಹಿಂಜರಿದರಂತೆ. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಜಾಗದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1946ರಲ್ಲಿ ಪುಣೆಯಲ್ಲಿ ಡೀಸೆಲ್ ಇಂಜಿನ್ನಿನ ಕಂಪನಿಯೇ ಆಯಿತು. ಇತ್ತ ಇಂಗ್ಲೆಂಡಿನ ಲಿಸ್ಟರ್ ನಮೂನೆಯ, ನಿಮಿಷಕ್ಕೆ 600-650 ಸುತ್ತು ತಿರುಗುವ ಭಾರೀ ಗಾಲಿಯ ಇಂಜಿನ್‌ಗಳನ್ನು ರಾಜಕೋಟದ ಕಾರ್ಖಾನೆಗಳು ಎರಕ ಹೊಯ್ಯತೊಡಗಿದವು. 1972ರ ಬರ ಬಂದಾಗ ಎತ್ತುಗಳಿಗೇ ಮೇವಿರಲಿಲ್ಲ. ಬರ ಕಳೆದ ಮೇಲೆ ಸಾಲ ಮಾಡಿ ಇಂಜಿನ್ ತಂದವರಲ್ಲಿ ನಮ್ಮ ಕಾಕಾನೂ ಒಬ್ಬ.

ಈಗ ಬ್ರೀದರ್ ವಿಷಯಕ್ಕೆ ಬರೋಣ. ಆ ಕಾಲದ ಹೆಸರಾದ ಕಿರ್ಲೋಸ್ಕರ್ ಎವಿ-1 ಇಂಜಿನ್ನನ್ನೇ ಉದಾಹರಣೆಗೆ ತಗೊಳ್ಳಿ. ಒಂದೇ ಸಿಲಿಂಡರ್, 80 ಮಿ.ಮೀ. ಅಗಲ, ಪಿಸ್ಟನ್ನಿನ ಓಡಾಟ 110 ಮಿ.ಮೀ. ಅಂದರೆ ಪಿಸ್ಟನ್ ಕೆಳಗಿಳಿದಾಗಲೆಲ್ಲ ಮೇಲೆ ಎಷ್ಟು ಜಾಗವಾಗುತ್ತದೋ ಅಷ್ಟೇ ಗಾಳಿ, ಸುಮಾರು 553 ಸಿ.ಸಿ., ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಲ್ಪಡುತ್ತದೆ. ನಿಮಿಷಕ್ಕೆ 1500 ಸುತ್ತು. ಸೆಕೆಂಡಿಗೆ 25 ಸಲ ಅರ್ಧ ಲೀಟರಿಗಿಂತ ಹೆಚ್ಚಿನ ಗಾಳಿಯ ಒತ್ತಡ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಎರಡು ಪಿಸ್ಟನ್ ಇಳಿದಾಗ ಎರಡು ಏರುತ್ತವೆ, ಹೀಗಾಗಿ ಸರಿದೂಗುತ್ತದೆ. ಒಂಟಿ ಸಿಲಿಂಡರಿಗೆ ಆ ಜೋಡಿಯಿಲ್ಲ. ಆದ್ದರಿಂದ ಬ್ರೀದರಿನಲ್ಲಿ ಒಂದು ತೆಳ್ಳನೆಯ ಬಿಲ್ಲೆ ಇಡುತ್ತಾರೆ. ಪಿಸ್ಟನ್ ಇಳಿದಾಗ ಬಿಲ್ಲೆ ಎದ್ದು ಗಾಳಿ ಹೊರಗೆ ಬಿಡುತ್ತದೆ, ಏರಿದಾಗ ಕೂತು ಬಾಗಿಲು ಹಾಕುತ್ತದೆ. ಉಸಿರು ಬಿಡುವುದಷ್ಟೇ, ಎಳೆದುಕೊಳ್ಳುವುದಿಲ್ಲ. ಇದರಿಂದ ಒಳಗೆ ಹೊರಗಿನದಕ್ಕಿಂತ ತುಸು ಕಡಿಮೆ ಒತ್ತಡ ಉಳಿದು, ಎಣ್ಣೆ ಸೀಲು ದಾಟಿ ಹೊರಗೆ ಬರುವುದಿಲ್ಲ. ಆ ಬಾಯಿಗೆ ಬಟ್ಟೆ ಕಟ್ಟಿದರೆ ಒತ್ತಡ ಒಳಗೇ ಏರಿ ಎಣ್ಣೆ ಸಿಕ್ಕ ದಾರಿ ಹಿಡಿಯುತ್ತದೆ. ನಮ್ಮಲ್ಲಿ ಆದದ್ದು ಅದೇ.

ಇದಕ್ಕೆ ಇನ್ನೊಂದು ಹೊರೆ ಕೂಡಿಕೊಳ್ಳುತ್ತದೆ. ಡೀಸೆಲ್ ಉರಿದಾಗ ಹುಟ್ಟುವ ಅನಿಲದಲ್ಲಿ ಸ್ವಲ್ಪ ಪಾಲು ರಿಂಗುಗಳ ಸಂದಿನಿಂದ ಕೆಳಕ್ಕೆ ನುಸುಳುತ್ತದೆ. ಇದು ಬ್ಲೋಬೈ. ಹೊಸ ಇಂಜಿನ್ನಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ರಿಂಗ್ ಸವೆದಷ್ಟೂ ಹೆಚ್ಚುತ್ತದೆ. ಮಸಿ, ನೀರಾವಿ ಎಲ್ಲ ಎಣ್ಣೆಗೆ ಬೆರೆತು ಅದನ್ನು ಕೆಡಿಸುತ್ತವೆ.

ಜಗತ್ತು ಈ ಹೊಗೆಯನ್ನು ಗಂಭೀರವಾಗಿ ತಗೊಂಡದ್ದು ತಡವಾಗಿ. ಹಳೆಯ ಕಾರುಗಳಲ್ಲಿ ಒಂದು ಕೊಳವೆ ಅದನ್ನು ನೇರ ರಸ್ತೆಗೆ ಬಿಡುತ್ತಿತ್ತು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಮಾತ್ರ ಒಂದು ಸಣ್ಣ ವಾಲ್ವು ಇಟ್ಟು, ಆ ಅನಿಲವನ್ನು ಇಂಜಿನ್ನೇ ಮರಳಿ ಎಳೆದುಕೊಂಡು ಸುಡುವಂತೆ ಮಾಡಿದ್ದರು. ಯುದ್ಧದ ಕಾಲದಿಂದಲೇ ಲಾಸ್ ಏಂಜಲೀಸ್ ನಗರ ಕಣ್ಣುರಿಯ ಹೊಗೆಮಂಜಿನಲ್ಲಿ ಮುಳುಗತೊಡಗಿತ್ತು. ಕಾರಿನಿಂದ ಬರುವ ಉರಿಯದ ಇಂಧನದ ಆವಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಕ್ರ್ಯಾಂಕ್‌ಕೇಸಿನದೇ ಅಂತ ಗೊತ್ತಾಯಿತು. 1961ರಿಂದ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ ಆ ವಾಲ್ವು ಬಂತು. ನಮ್ಮ ಊರಿನ ಇಂಜಿನ್‌ಗಳ ಬ್ರೀದರ್ ಮಾತ್ರ ಬಯಲಿಗೇ ಉಸಿರು ಬಿಡುತ್ತಿತ್ತು.

ಬಯಲಾದರೂ ಇದ್ದರೆ ಚಲೋ ಇತ್ತು. ಪಂಪು ನೀರನ್ನು ಕೆಳಗಿನಿಂದ ಹೀರುವುದಕ್ಕೆ ಒಂದು ಮಿತಿಯಿದೆ: ಲೆಕ್ಕದ ಪ್ರಕಾರ 10 ಮೀಟರ್, ಕೆಲಸದಲ್ಲಿ ಏಳರ ಆಚೀಚೆ. ಬೇಸಿಗೆಯಲ್ಲಿ ನೀರು ಅದಕ್ಕಿಂತ ಕೆಳಗಿಳಿದರೆ ಪಂಪನ್ನೂ ಇಳಿಸಬೇಕು. ಪಂಪಿಗೆ ಜೋಡಿಸಿದ ಇಂಜಿನ್ನೂ ಇಳಿಯಬೇಕು. ಬಾವಿಯ ಗೋಡೆ ಕೊರೆದು ಕಟ್ಟೆ ಮಾಡಿ, ಹಗ್ಗ ಕಟ್ಟಿ ಇಂಜಿನ್ ಇಳಿಸುತ್ತಿದ್ದರು. ಆ ಗುಂಡಿಯಲ್ಲಿ ಇಂಜಿನ್ ತಾನು ಬಿಟ್ಟ ಹೊಗೆಯನ್ನೇ ತಾನು ಎಳೆದುಕೊಳ್ಳುತ್ತಿತ್ತು. ಕೆಳಗಿಳಿದ ಮನುಷ್ಯನೂ ಅದನ್ನೇ ಎಳೆದುಕೊಳ್ಳುತ್ತಿದ್ದ. ಇಂಥ ಗುಂಡಿಯಲ್ಲಿ ನಿಲ್ಲುವ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. 'ಇಂಜಿನ್ ಬಂದ್ ಮಾಡಿ, ಹೊಗಿ ಹೋಗೂತನಕ ಇಳಿಬ್ಯಾಡ್ರಿ' ಅಂತ ಚಿಗವ್ವ ಪ್ರತಿ ಸಲ ಕೂಗುತ್ತಿದ್ದಳು.

ಎರಡನೇ ಸಲವೂ ರಿಂಗ್ ಸವೆದಾಗ ಕಾಕಾ ಸೋತು, ಸಿಂದಗಿ ಕಡೆಯ ಒಬ್ಬ ಮುದುಕ ಮಿಸ್ತ್ರಿಯನ್ನು ಕರೆಸಿದ. ಅಜ್ಜ ಪಾನಾ ಕೈಗೆ ತಗೊಳ್ಳಲೇ ಇಲ್ಲ. ಮೊದಲು ಬಟ್ಟೆ ಬಿಚ್ಚಿ ಎಸೆದ. ಎಣ್ಣೆಯ ಮಟ್ಟ ನೋಡಿದ. ಗುರುತಿಗಿಂತ ಹೆಚ್ಚಿದ್ದರೆ ಕ್ರ್ಯಾಂಕ್ ಅದನ್ನು ಕಡೆದು ಬ್ರೀದರಿಗೆ ಎರಚುತ್ತದೆ. ಮಟ್ಟ ಸರಿಯಿತ್ತು. ಬ್ರೀದರ್ ಬಿಚ್ಚಿದ. ಬಿಲ್ಲೆ ಮಸಿ ಹಿಡಿದು ಅಂಟಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಕೂಡಿಸಿದ. ಇಂಜಿನ್ ಚಾಲೂ ಮಾಡಿಸಿ, ಎಣ್ಣೆ ಹಾಕುವ ಬಾಯಿ ತೆರೆದು ಒಂದು ಹಾಳೆ ಹಿಡಿದ. ಹಾಳೆ ಹೊರಕ್ಕೆ ಪಟಪಟ ಬಡಿಯಿತು, ಬಿಸಿ ಹೊಗೆ ಬಂತು. ಅಂದರೆ ಬ್ಲೋಬೈ ನಿಜವಾಗಿಯೂ ಇತ್ತು. ಬಂದ್ ಮಾಡಿಸಿ ಹ್ಯಾಂಡಲಿನಿಂದ ನಿಧಾನ ತಿರುಗಿಸಿ, ಒತ್ತಡ ಕೂಡುವ ಹೊತ್ತಿಗೆ ನಿಲ್ಲಿಸಿ ಕಿವಿಗೊಟ್ಟ. ಸುಸ್ ಸಪ್ಪಳ ಸೈಲೆನ್ಸರಿನಲ್ಲಿ ಕೇಳಿದರೆ ವಾಲ್ವಿನ ದೋಷ; ಕ್ರ್ಯಾಂಕ್‌ಕೇಸಿನಲ್ಲಿ ಕೇಳಿದರೆ ರಿಂಗಿನದು. ಕೇಳಿದ್ದು ಕ್ರ್ಯಾಂಕ್‌ಕೇಸಿನಲ್ಲಿ.

'ಹಂಗಾದ್ರ ಫಿಟ್ಟರ್ ಹೇಳಿದ್ದು ಖರೇನ ಆತಲ್ಲೋ ಅಜ್ಜಾ?' ಕಾಕಾ ಕೇಳಿದ.

'ಖರೇ ಐತಿ. ಆದ್ರ ರಿಂಗ್ ಯಾಕ ಸವದ್ವು ಅಂತ ಆಂವ ಕೇಳಿಲ್ಲ.'

ಅಜ್ಜ ಗಾಳಿ ಸೋಸುವ ಏರ್ ಕ್ಲೀನರ್ ತೆಗೆದ. ಅದರ ತಳದ ಬಟ್ಟಲಿನಲ್ಲಿ ಎಣ್ಣೆ ಇರಬೇಕು; ಗಾಳಿ ಅದಕ್ಕೆ ಬಡಿದು ತಿರುಗುವಾಗ ಧೂಳು ಅಲ್ಲೇ ಉಳಿಯುತ್ತದೆ. ನಮ್ಮ ಬಟ್ಟಲಿನಲ್ಲಿ ಎರೆಮಣ್ಣು ಗಟ್ಟಿಯಾಗಿ ಕೂತು ಬಿರುಕು ಬಿಟ್ಟಿತ್ತು. ಅಜ್ಜ ಇಂಜಿನ್ನಿಗೆ ಹೋಗುವ ಕೊಳವೆಯೊಳಗೆ ಬೆರಳಾಡಿಸಿ ಕಾಕಾನಿಗೆ ತೋರಿಸಿದ. ಬೆರಳ ತುದಿ ತುಂಬ ಧೂಳು.

'ಬಾಯಿಗೆ ಬಟ್ಟಿ ಕಟ್ಟೀರಿ, ಮೂಗಿನಾಗ ಮಣ್ಣ ತುಂಬೀರಿ. ಇನ್ನ ಹತ್ತ ಸಲ ರಿಂಗ್ ಹಾಕ್ರಿ, ಹತ್ತೂ ಸಲ ಸವೀತಾವ.'

ಎರೆ ಹೊಲದ ಧೂಳು, ಬ್ಯಾಸಗಿಯ ಸುಂಟರಗಾಳಿ ನಮಗೆ ಹೊಸವಲ್ಲ. ಆ ಧೂಳು ಎಣ್ಣೆಗೆ ಬೆರೆತರೆ ರಿಂಗನ್ನೂ ಲೈನರನ್ನೂ ಸಾಣೆ ಹಿಡಿದ ಹಾಗೆ ತಿನ್ನುತ್ತದೆ. ಧೂಳು ಏಳುವ ದಿನಗಳಲ್ಲಿ ದಿನಾ ನೋಡಬೇಕಾದ ಬಟ್ಟಲು ಅದು. ಇಂಜಿನ್ ಜೊತೆ ಬಂದ ಪುಸ್ತಕದಲ್ಲಿ ಅದು ಬರೆದಿತ್ತು, ಇಂಗ್ಲಿಷಿನಲ್ಲಿ. ಕಾಕಾ ಓದಿದ್ದು ಕನ್ನಡ ಮೂರನೇತ್ತೆ. ಸಾಲ ಕೊಟ್ಟವರು, ಇಂಜಿನ್ ಮಾರಿದವರು ಯಾರೂ ಅದನ್ನು ಓದಿ ಹೇಳಿರಲಿಲ್ಲ. ಒಂದು ಬಟ್ಟಲು ಎಣ್ಣೆಯ ಮಾತು ಯಾರೂ ಹೇಳದೆ ಉಳಿದದ್ದಕ್ಕೆ ನಮ್ಮ ಮನೆ ಕೊಟ್ಟ ಬೆಲೆ ಚಿಗವ್ವನ ಬೋರಮಾಳ.

ಮತ್ತೊಮ್ಮೆ ರಿಂಗ್ ಹಾಕಿಸಲೇಬೇಕಾಯಿತು. ಆದರೆ ಅದೇ ಕೊನೆ. ಬಟ್ಟಲಿಗೆ ಎಣ್ಣೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬ್ರೀದರಿನ ಬಾಯಿಗೆ ಅಂಗೈ ಹಿಡಿದರೆ ಪುಸ್ ಪುಸ್ ಅಂತ ಹಗುರ ಉಸಿರು ತಾಗುತ್ತಿತ್ತು.

ಮುಂದೆ 1990ರ ದಶಕದಲ್ಲಿ ಬಂಗಾರಪ್ಪನವರ ಕಾಲದ ಉಚಿತ ಕರೆಂಟು ಬಂತು, ಬೋರ್‌ವೆಲ್ ಬಂತು. 1964ರಲ್ಲಿ ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟಿದ್ದ ಆಣೆಕಟ್ಟೂ ಎದ್ದು ನಿಂತಿತು. ಇಂಜಿನ್‌ಗಳು ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋದವು, ನಮ್ಮದೂ ಹೋಯಿತು. ಬೋರಮಾಳ ಮಾತ್ರ ಬಿಡಿಸಿಕೊಳ್ಳಲಾಗಲಿಲ್ಲ.

ಈಗ ಹಳೇ ಇಂಜಿನ್ ಹುಡುಕಿ ತಂದು ರಿಪೇರಿ ಮಾಡುವ ಹುಡುಗರು ಅಲ್ಲಲ್ಲಿ ಸಿಗುತ್ತಾರೆ. ಎಣ್ಣೆ ಉಗುಳುತ್ತದೆ, ಏನು ಮಾಡೋಣ ಅಂತ ಕೇಳುತ್ತಾರೆ. ನಾನು ಹೇಳುವುದು ಅಜ್ಜನ ಮಾತೇ: ಎಣ್ಣೆಯ ಮಟ್ಟ ನೋಡು, ಬಿಲ್ಲೆ ತೊಳಿ, ಆಮೇಲೆ ರಿಂಗಿನ ಮಾತು. ಅದಕ್ಕೂ ಮೊದಲು ಅದರ ಮೂಗಿನಾಗ ಬೆರಳ ಹಾಕಿ ನೋಡಪಾ.