ನಾಸಿಕದ ಮೂಕಿಚಿತ್ರಗಳು

ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ 1870ರಲ್ಲಿ ಹುಟ್ಟಿದ ದಾದಾಸಾಹೇಬ್ ಫಾಲ್ಕೆ, 1913ರಲ್ಲಿ ಮುಂಬಯಿಯಲ್ಲಿ ತಮ್ಮ ಚಿತ್ರ ‘ರಾಜಾ ಹರಿಶ್ಚಂದ್ರ’ ತೆರೆಕಂಡ ಮೇಲೆ ತಮ್ಮ ಚಿತ್ರಸಂಸ್ಥೆಯನ್ನು ನಾಸಿಕಕ್ಕೆ ಸಾಗಿಸಿದರು. ಅಲ್ಲಿ ತಯಾರಾದ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿದರು. ಅದರ ಜೊತೆಗೆ ‘ಪಿಠಾಚೆ ಪಂಜೆ’ ಎಂಬ ಕಿರು ಹಾಸ್ಯಚಿತ್ರವನ್ನೂ ತೋರಿಸಿದರು. ಆದರೆ ಜನ ಮುಗಿಬಿದ್ದದ್ದು ಸಾಹಸಕ್ಕೇ. 1917ರ ‘ಲಂಕಾ ದಹನ’ದಲ್ಲಿ ಹನುಮಂತ ಆಕಾಶದಲ್ಲಿ ಹಾರಿದ, ಲಂಕೆ ಹೊತ್ತಿ ಉರಿಯಿತು. ಅದರಲ್ಲಿ ರಾಮನೂ ಸೀತೆಯೂ ಒಬ್ಬರೇ, ಹಿಂದೆ ಹೋಟೆಲಿನಲ್ಲಿ ದುಡಿಯುತ್ತಿದ್ದ ಅಣ್ಣಾ ಸಾಳುಂಕೆ! 1919ರ ‘ಕಾಲಿಯಾ ಮರ್ದನ’ದಲ್ಲಿ ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿಯೇ ಬಾಲಕೃಷ್ಣ. ಚಿತ್ರದ ಆರಂಭದಲ್ಲೇ ಕ್ಯಾಮೆರಾ ಆಕೆಯ ಮುಖದಲ್ಲಿ ಬದಲಾಗುವ ಭಾವಗಳನ್ನು ಹಿಡಿಯುತ್ತದೆ. ಆಮೇಲೆ ತುಂಟಾಟ, ಕೊನೆಗೆ ನೀರಿನಾಳದಲ್ಲಿ ಸರ್ಪದೊಡನೆ ಸೆಣಸಾಟ. ಮಾತಿನ ಚಿತ್ರಗಳು ಬಂದ ಮೇಲೆ ಫಾಲ್ಕೆ ಹಿಂದೆ ಸರಿದರು. 1937ರ ‘ಗಂಗಾವತರಣ’ ಅವರ ಕೊನೆಯ ಚಿತ್ರ. 1944ರಲ್ಲಿ ನಾಸಿಕದಲ್ಲೇ ತೀರಿಕೊಂಡರು.